ಹುಣ್ಣಿಮೆ ಎಣಿಸಿ ಟಿಕೆಟ್ ತೆಗೆಸಿ: ಹಬ್ಬದ ಕಾಲದ ರೈಲು ಪ್ರಯಾಣ, ಪ್ರಶ್ನೋತ್ತರ

ಈ ವಾರ ಉತ್ತರಿಸುವವರು ನಮ್ಮ ಗುಂಪಿನ ಹಿರಿಯ ಸದಸ್ಯರು. ರೈಲ್ವೆ ಮುಂಗಡ ಟಿಕೆಟ್ ಕೌಂಟರಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಈಗ ಶಿವಮೊಗ್ಗದಲ್ಲಿದ್ದಾರೆ.

ಪ್ರಶ್ನೆ (ಸಾಗರದ ಬಳಿಯ ಅಡಿಕೆ ಬೆಳೆಗಾರರು): ಸರ್, ಅಪ್ಪನಿಗೆ 72, ಅಮ್ಮನಿಗೆ 66, ಚಿಕ್ಕಮ್ಮನಿಗೆ 63. ಮೂವರನ್ನೂ ಕಾಶಿಗೆ ಕರೆದುಕೊಂಡು ಹೋಗಬೇಕು. ಕಳೆದ ವರ್ಷ ದೀಪಾವಳಿ ಮುಗಿಸಿ ಹೊರಡೋಣವೆಂದು ನೋಡಿದರೆ ಎಲ್ಲಾ ರೈಲಿನಲ್ಲೂ ನೂರರ ಮೇಲೆ ವೇಟಿಂಗ್ ಲಿಸ್ಟ್. ಅಡಿಕೆ ಕೊನೆ (ಗೊನೆ) ಕೊಯ್ಲು ಶುರುವಾಯಿತೆಂದರೆ ನಾನು ಮನೆ ಬಿಡುವಂತಿಲ್ಲ. 2026ರಲ್ಲಾದರೂ ಹೋಗಬೇಕು. ಯಾವ ರೈಲು, ಯಾವಾಗ ಟಿಕೆಟ್ ತೆಗೆಸಬೇಕು?

ಉತ್ತರ: ನೀವು ಆರಿಸಿಕೊಂಡ ವಾರವೇ ಸರಿಯಿಲ್ಲ. ರೈಲಿನ ವಿಷಯ ಆಮೇಲೆ.

ದೀಪಾವಳಿಯಾದ ಒಂದು ವಾರದೊಳಗೆ ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದವರಿಗೆ ಛಠ್ ಪೂಜೆ. ದುಡಿಯಲು ಪರವೂರಿಗೆ ಹೋದವರು ವರ್ಷದಲ್ಲಿ ಒಮ್ಮೆ ಊರಿಗೆ ಮರಳುವುದಿದ್ದರೆ ಅದು ಛಠ್‌ಗೆ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸ, ಹೋಟೆಲ್ ಕೆಲಸ, ಕಾವಲು ಕೆಲಸ ಮಾಡುವವರು ದೀಪಾವಳಿಗೆ ವಾರವಿರುವಾಗಲೇ ಉತ್ತರಕ್ಕೆ ಹೊರಡುತ್ತಾರೆ. ಪೂಜೆ ಮುಗಿದ ಮೇಲೆ ಅದೇ ಜನ ಅದೇ ರೈಲಿನಲ್ಲಿ ವಾಪಸು ಬರುತ್ತಾರೆ. ಹಬ್ಬ ಮುಗಿಸಿ ಹೋಗಿ ಹತ್ತು ದಿನಕ್ಕೆ ಮರಳುತ್ತೇನೆ ಎನ್ನುವ ನೀವು ಹೋಗುವಾಗಲೂ ಅವರ ಜೊತೆ, ಬರುವಾಗಲೂ ಅವರ ಜೊತೆ. ಸಾಲದ್ದಕ್ಕೆ ಕಾರ್ತಿಕ ಹುಣ್ಣಿಮೆಗೆ ಕಾಶಿಯಲ್ಲಿ ದೇವ ದೀಪಾವಳಿ. ಮಂಡಿನೋವಿನವರನ್ನು ಆ ಜನಜಂಗುಳಿಯಲ್ಲಿ ಘಾಟಿನ ಮೆಟ್ಟಿಲು ಇಳಿಸುವುದು ಬೇಡ.

ನನ್ನ ಮಾತು ಕೇಳುವುದಾದರೆ ದಸರೆಯ ನಂತರದ ಭೂಮಿ ಹುಣ್ಣಿಮೆ ಮುಗಿಸಿ ಹೊರಡಿ, ದೀಪಾವಳಿಗೆ ಮೊದಲೇ ಮನೆ ಸೇರಿ. ದಸರೆಯ ಓಡಾಟ ಅಷ್ಟರಲ್ಲಿ ತಗ್ಗಿರುತ್ತದೆ, ಛಠ್‌ನ ಗದ್ದಲ ಇನ್ನೂ ಏರಿರುವುದಿಲ್ಲ. ನೀವು ಮರಳುವ ವಾರದಲ್ಲಿ ಎಲ್ಲರೂ ಉತ್ತರಕ್ಕೆ ಹೋಗುತ್ತಿರುತ್ತಾರೆ, ದಕ್ಷಿಣಕ್ಕೆ ಬರುವ ಗಾಡಿಯಲ್ಲಿ ಜಾಗವಿರುತ್ತದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬರುವುದರೊಳಗೆ ನೀವೂ ತೋಟದಲ್ಲಿರುತ್ತೀರಿ.

ಇನ್ನು ದಿನದ ಲೆಕ್ಕ. 2024ರ ನವೆಂಬರ್ 1ರಿಂದ ಮುಂಗಡ ಟಿಕೆಟ್ ಸಿಗುವುದು 60 ದಿನ ಮೊದಲು, ಅದಕ್ಕೂ ಹಿಂದೆ 120 ದಿನವಿತ್ತು. ಪ್ರಯಾಣದ ದಿನವನ್ನು ಬಿಟ್ಟು ಎಣಿಸಬೇಕು. ಬೆರಳು ಮಡಚಿ ಎಣಿಸಿ ತಪ್ಪಿದವರನ್ನು ಕಿಟಕಿಯಿಂದ ಎಷ್ಟು ಸಲ ವಾಪಸು ಕಳಿಸಿದ್ದೇನೋ! ನಮ್ಮ ಕಡೆಯವರಿಗೆ ಪಂಚಾಂಗವೇ ಸುಲಭ. ಒಂದು ಹುಣ್ಣಿಮೆಯಿಂದ ಅದರಾಚೆಯ ಎರಡನೆಯ ಹುಣ್ಣಿಮೆಗೆ ಸುಮಾರು 59 ದಿನ. ಆದ್ದರಿಂದ ನೀವು ಹೊರಡುವ ತಿಥಿ ಯಾವುದೋ, ಎರಡು ತಿಂಗಳ ಹಿಂದಿನ ಅದೇ ತಿಥಿಗೆ ಒಂದೆರಡು ದಿನ ಮುಂಚೆ ಟಿಕೆಟ್ ತೆರೆಯುತ್ತದೆ. ವಿಜಯದಶಮಿಯ ಟಿಕೆಟ್ ನಾಗರಪಂಚಮಿ ಕಳೆದ ನಾಲ್ಕೈದು ದಿನಕ್ಕೆ, ದೀಪಾವಳಿಯದು ಚೌತಿಗೆ ನಾಲ್ಕೈದು ದಿನವಿರುವಾಗ. ನಡುವೆ ಅಧಿಕ ಮಾಸ ಬಂದರೆ ಮಾತ್ರ ಹಬ್ಬದ ಲೆಕ್ಕ ಒಂದು ತಿಂಗಳು ಜಾರುತ್ತದೆ. 2026ರಲ್ಲಿ ಅಧಿಕ ಮಾಸ ಜ್ಯೇಷ್ಠದಲ್ಲಿ ಬರುವುದರಿಂದ ನಮಗೆ ತೊಂದರೆಯಿಲ್ಲ.

ನಿಮ್ಮ ವಿಷಯಕ್ಕೆ ಹೊಂದಿಸೋಣ. ಅಕ್ಟೋಬರ್ 26ರ ರಾತ್ರಿ ತಾಳಗುಪ್ಪದಿಂದ ಬರುವ ಮೈಸೂರು ಗಾಡಿ ಹತ್ತಿದರೆ ನಸುಕಿಗೆ ಬೆಂಗಳೂರು. 27ರ ಬೆಳಿಗ್ಗೆ ದಾನಾಪುರಕ್ಕೆ ಹೋಗುವ ಸಂಘಮಿತ್ರ ಎಕ್ಸ್‌ಪ್ರೆಸ್ ಇದೆ, ದಿನವೂ ಓಡುತ್ತದೆ. ಅದು ಹೊರಡುವುದು ಮೆಜೆಸ್ಟಿಕ್‌ನಿಂದಲ್ಲ, ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ. ಹಿರಿಯರು, ಗಂಟುಮೂಟೆ, ಬೆಳಗಿನ ಆಟೋ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿ. ರಾತ್ರಿಯ ಗಾಡಿ ತಡವಾದರೆ ಎಂಬ ಅಂಜಿಕೆಯಿದ್ದರೆ ಒಂದು ದಿನ ಮೊದಲೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ. ನಾನಾದರೆ ಹಾಗೆಯೇ ಮಾಡುತ್ತೇನೆ. 26ರ ಗಾಡಿಯ ಟಿಕೆಟ್ ತೆರೆಯುವುದು ಆಗಸ್ಟ್ 27ಕ್ಕೆ, ಸಂಘಮಿತ್ರದ್ದು ಮರುದಿನ 28ಕ್ಕೆ, ಎರಡೂ ಬೆಳಿಗ್ಗೆ 8 ಗಂಟೆಗೆ. ವಾಪಸು ನವೆಂಬರ್ 3ಕ್ಕೆ ಹೊರಟರೆ 6ರ ಹೊತ್ತಿಗೆ ಮನೆಯಲ್ಲಿರುತ್ತೀರಿ, 8ಕ್ಕೆ ದೀಪಾವಳಿ ಅಮಾವಾಸ್ಯೆ. ಬರುವ ಟಿಕೆಟ್ ಸೆಪ್ಟೆಂಬರ್ 4ಕ್ಕೆ ತೆರೆಯುತ್ತದೆ. ಹೋಗುವ ಟಿಕೆಟ್ ಸಿಕ್ಕ ಸಂತೋಷದಲ್ಲಿ ಬರುವುದನ್ನು ಮರೆಯುವವರೇ ಹೆಚ್ಚು. ಎರಡನ್ನೂ ನಮ್ಮೂರ ಕೌಂಟರಿನಲ್ಲೇ ತೆಗೆಸಬಹುದು.

ಇನ್ನೊಂದು. ಅರ್ಜಿಯಲ್ಲಿ ಇಳಿಯುವ ನಿಲ್ದಾಣ ‘ಕಾಶಿ’ ಎಂದು ಬರೆಯಬೇಡಿ. ಒಮ್ಮೆ ಪಂಚೆ ಉಟ್ಟ ಹಿರಿಯರೊಬ್ಬರು ಮುತ್ತಿನಂಥ ಅಕ್ಷರದಲ್ಲಿ ‘ಶ್ರೀ ಕಾಶೀಕ್ಷೇತ್ರ’ ಎಂದು ಬರೆದು ಅರ್ಜಿಯ ತುದಿಗೆ ಅರಿಶಿನ ಕುಂಕುಮ ಹಚ್ಚಿ ಕೊಟ್ಟಿದ್ದರು. ಕಾಶಿ ಎಂಬ ಹೆಸರಿನ ಪುಟ್ಟ ನಿಲ್ದಾಣವೊಂದು ಗಂಗೆಯ ಸೇತುವೆಯ ಪಕ್ಕ ನಿಜವಾಗಿಯೂ ಇದೆ, ಆದರೆ ನಿಮ್ಮ ಗಾಡಿ ಅಲ್ಲಿಗೆ ಹೋಗುವುದಿಲ್ಲ. ಸಂಘಮಿತ್ರದಲ್ಲಿ ನೀವು ಇಳಿಯಬೇಕಾದದ್ದು ಪಂಡಿತ್ ದೀನ್ ದಯಾಳ್ ಉಪಾಧ್ಯಾಯ ಜಂಕ್ಷನ್. 2018ರವರೆಗೆ ಅದು ಮೊಘಲ್ ಸರಾಯ್. ನಿಮ್ಮ ತಂದೆಯವರಿಗೆ ಹಳೆಯ ಹೆಸರು ಹೇಳಿದರೆ ಬೇಗ ಗೊತ್ತಾಗುತ್ತದೆ. ಅಲ್ಲಿಂದ ವಾರಾಣಸಿಗೆ ಆಟೋ, ಟ್ಯಾಕ್ಸಿ ಧಾರಾಳವಾಗಿವೆ.

ಪ್ರಶ್ನೆ (ಅವರೇ): ತುಂಬಾ ಉಪಕಾರವಾಯಿತು ಸರ್. ಮೂವರು ಹಿರಿಯರಿಗೂ ಕೆಳಗಿನ ಬರ್ತೇ ಬೇಕು. ನಾಲ್ವರದೂ ಒಂದೇ ಟಿಕೆಟ್ ಮಾಡಿಸಿದರೆ ಒಟ್ಟಿಗೆ ಸಿಗುತ್ತದೆಯಲ್ಲವೇ?

ಉತ್ತರ: ಒಟ್ಟಿಗೆ ಸಿಗಬಹುದು, ಕೆಳಗಿನದೇ ಸಿಗುತ್ತದೆ ಎನ್ನಲಾಗದು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಲೋವರ್ ಬರ್ತ್ ಕೋಟಾ ಇದೆ. ಆದರೆ ಒಂದು ಟಿಕೆಟ್‌ನಲ್ಲಿ ಅಂಥವರು ಒಬ್ಬರು ಅಥವಾ ಇಬ್ಬರು ಮಾತ್ರ ಇರಬೇಕು. ಮೂರನೆಯವರು ಸೇರಿದರೆ ಅಥವಾ ನಿಮ್ಮಂಥ ಪ್ರಾಯದವರು ಜೊತೆಯಾದರೆ ಆ ಕೋಟಾ ಅನ್ವಯಿಸುವುದಿಲ್ಲ. ಅಪ್ಪ ಅಮ್ಮನದು ಒಂದು ಟಿಕೆಟ್, ಆ ಕೋಟಾದಲ್ಲಿ. ಚಿಕ್ಕಮ್ಮ ಮತ್ತು ನೀವು ಸಾಮಾನ್ಯ ಕೋಟಾದಲ್ಲಿ ಇನ್ನೊಂದು. ಹಿರಿಯರ ವಯಸ್ಸು ನೋಡಿ ಕಂಪ್ಯೂಟರ್ ಅಲ್ಲಿಯೂ ಕೆಳಗಿನ ಬರ್ತ್ ಕೊಡಲು ನೋಡುತ್ತದೆ, ಬೇಗ ತೆಗೆಸಿದರೆ ಸಿಗುತ್ತದೆ. ಬೋಗಿ ಬೇರೆಯಾಗಬಹುದು, ಅದಕ್ಕೆ ಸಿದ್ಧರಿರಿ. ಹಿರಿಯರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿದೆ, ಅದನ್ನು ಕೇಳಿ ಗುಮಾಸ್ತರ ಜೊತೆ ಜಗಳಕ್ಕೆ ನಿಲ್ಲಬೇಡಿ.

ಪ್ರಶ್ನೆ (ಆನಂದಪುರದ ಸದಸ್ಯೆ): ಮಗ ಬೆಂಗಳೂರಿನಲ್ಲಿದ್ದಾನೆ. ಹಬ್ಬಕ್ಕೆ ಬರಲು ರಾತ್ರಿಯ ತಾಳಗುಪ್ಪ ಗಾಡಿಗೆ ತೆಗೆಸಿದ ಟಿಕೆಟ್ ವೇಟಿಂಗ್ ಲಿಸ್ಟ್ 18ರಲ್ಲಿದೆ. ಖಾತರಿಯಾಗಬಹುದೇ?

ಉತ್ತರ: ಸಂಖ್ಯೆಗಿಂತ ಮೊದಲು ಅದರ ಹಿಂದಿರುವ ಅಕ್ಷರ ನೋಡಿ ಅಮ್ಮ. ಜಿಎನ್‌ಡಬ್ಲ್ಯುಎಲ್ ಎಂದಿದ್ದರೆ ಅದು ಸಾಮಾನ್ಯ ಸರದಿ, ಯಾರು ರದ್ದು ಮಾಡಿದರೂ ಮುಂದೆ ಸರಿಯುತ್ತದೆ, 18 ದೊಡ್ಡ ಸಂಖ್ಯೆಯೇನಲ್ಲ. ಪಿಕ್ಯೂಡಬ್ಲ್ಯುಎಲ್ ಅಥವಾ ಆರ್‌ಎಲ್‌ಡಬ್ಲ್ಯುಎಲ್ ಎಂದಿದ್ದರೆ ನಡುವಿನ ಊರುಗಳ ಸಣ್ಣ ಕೋಟಾ, 8 ಇದ್ದರೂ ನಾನು ನಂಬುವುದಿಲ್ಲ. ಗಾಡಿ ಹೊರಡುವುದು ಮೈಸೂರಿನಿಂದ. ಆದ್ದರಿಂದ ಮುಂದಿನ ಸಲ ಮೈಸೂರು–ತಾಳಗುಪ್ಪ ಎಂದು ಪೂರ್ತಿ ದೂರಕ್ಕೆ ಬರ್ತ್ ಇದೆಯೇ ನೋಡಲು ಹೇಳಿ. ದರ ಸ್ವಲ್ಪ ಹೆಚ್ಚು. ಟಿಕೆಟ್ ತೆಗೆಸುವಾಗಲೇ ಹತ್ತುವ ನಿಲ್ದಾಣ ಬೆಂಗಳೂರು ಎಂದು ನಮೂದಿಸಬೇಕು. ಇಲ್ಲದಿದ್ದರೆ ಆಸಾಮಿ ಬರಲಿಲ್ಲವೆಂದು ಬರ್ತ್ ಬೇರೆಯವರ ಪಾಲಾಗುತ್ತದೆ.

ಖಾತರಿಯಾಗದ ಟಿಕೆಟ್ ಹಿಡಿದು ಸ್ಲೀಪರ್ ಬೋಗಿ ಹತ್ತುವಂತಿಲ್ಲ. ಆರ್‌ಎಸಿ ಎಂದು ಬಂದರೆ ಹತ್ತಬಹುದು, ಪಕ್ಕದ ಕೆಳಸೀಟಿನಲ್ಲಿ ಇಬ್ಬರು ಕುಳಿತು ಬರಬೇಕು. ಹಬ್ಬಕ್ಕೆ ಬರುವ ಹುಡುಗನಿಗೆ ಅಷ್ಟು ಸಾಕು. ಯಾರಿಗೆ ಯಾವ ಬರ್ತ್ ಎಂಬ ಅಂತಿಮ ಪಟ್ಟಿ, ಅಂದರೆ ಚಾರ್ಟ್, 2025ರ ಜುಲೈನಿಂದ 8 ಗಂಟೆ ಮೊದಲು ಸಿದ್ಧವಾಗುತ್ತಿತ್ತು, ಆ ವರ್ಷದ ಡಿಸೆಂಬರ್‌ನಿಂದ ಕನಿಷ್ಠ 10 ಗಂಟೆ ಮೊದಲೇ ಸಿದ್ಧವಾಗುತ್ತಿದೆ. ಮಧ್ಯಾಹ್ನದೊಳಗೇ ಹಣೆಬರಹ ತಿಳಿಯುವುದರಿಂದ ಬಸ್ ಹುಡುಕಲು ಸಮಯವಿರುತ್ತದೆ.

ಪ್ರಶ್ನೆ (ತೀರ್ಥಹಳ್ಳಿಯಿಂದ): ಇಷ್ಟೆಲ್ಲಾ ಏಕೆ, ತತ್ಕಾಲ್‌ನಲ್ಲಿ ತೆಗೆದರೆ ಆಗದೇ?

ಉತ್ತರ: ಹಬ್ಬದ ವಾರದಲ್ಲಿ ತತ್ಕಾಲ್ ನಂಬಿ ಕಾಶಿಗೆ ಹೊರಡುವುದೆಂದರೆ ಮೋಡ ನೋಡಿ ಭತ್ತ ಒಣಗಲು ಹಾಕಿದಂತೆ. ಗಾಡಿ ಮೂಲ ನಿಲ್ದಾಣ ಬಿಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. 2025ರ ಜುಲೈನಿಂದ ಮೊಬೈಲ್‌ನಲ್ಲಿ ತೆಗೆಯಲು ಖಾತೆಗೆ ಆಧಾರ್ ಜೋಡಿಸಿರಲೇಬೇಕು. ಅದನ್ನು ಇಂದೇ ಮಾಡಿಕೊಳ್ಳಿ, ತತ್ಕಾಲ್ ಬೆಳಿಗ್ಗೆ ಒಟಿಪಿ ಹುಡುಕುತ್ತಾ ಗುಡ್ಡ ಹತ್ತಬೇಡಿ. ಖಾತರಿಯಾದ ತತ್ಕಾಲ್ ರದ್ದು ಮಾಡಿದರೆ ಹಣ ಮರಳುವುದಿಲ್ಲ.

ಅದಕ್ಕಿಂತ ವಿಶೇಷ ರೈಲುಗಳ ಮೇಲೆ ಕಣ್ಣಿಡಿ. ದಸರಾ, ದೀಪಾವಳಿಗೆ ನೈರುತ್ಯ ರೈಲ್ವೆ ಓಡಿಸುತ್ತದೆ, ಪತ್ರಿಕೆಯಲ್ಲಿ ಬರುತ್ತದೆ. ಸಂಖ್ಯೆ ಸೊನ್ನೆಯಿಂದ ಶುರುವಾಗಿರುತ್ತದೆ. ದರ ಹೆಚ್ಚಿರಬಹುದು, ತಡವಾಗಿ ಓಡುವುದೂ ಉಂಟು. ಪ್ರಕಟಣೆ ಬಂದ ದಿನ ಹೆಚ್ಚಿನವರು ಗಮನಿಸುವುದಿಲ್ಲ, ಅದೇ ನಿಮ್ಮ ಅವಕಾಶ.

ಪ್ರಶ್ನೆ (ಸಾಗರದ ಬೆಳೆಗಾರರು): ಸರ್, ಒಂದು ತೊಡಕು. ಪಂಚಾಂಗ ನೋಡಿದೆ. ನೀವು ಹೇಳಿದ ಆಗಸ್ಟ್ 28 ನೂಲು ಹುಣ್ಣಿಮೆ. ಬೆಳಿಗ್ಗೆ ಮಠದಲ್ಲಿ ಎಲ್ಲರೂ ಸೇರಿ ಜನಿವಾರ ಬದಲಾಯಿಸುತ್ತೇವೆ, ನಾನು ಹೋಗದಿದ್ದರೆ ಅಪ್ಪ ಒಪ್ಪುವುದಿಲ್ಲ.

ಉತ್ತರ: ಜನಿವಾರವನ್ನು ಹತ್ತು ಗಂಟೆಗೂ ಬದಲಾಯಿಸಬಹುದು. ಕೆಳಗಿನ ಬರ್ತ್ ಎಂಟೂವರೆಗೆ ಇರುವುದಿಲ್ಲ. ಏಳಕ್ಕೇ ಬಂದು ಸರದಿಯಲ್ಲಿ ನಿಲ್ಲಿ, ನಾಲ್ವರ ಹೆಸರು ವಯಸ್ಸು ಬರೆದ ಅರ್ಜಿಗಳು ಹಿಂದಿನ ರಾತ್ರಿಯೇ ಸಿದ್ಧವಿರಲಿ. ಕಾಶಿಯ ಟಿಕೆಟ್‌ಗೆಂದು ಹೇಳಿದರೆ ಭಟ್ಟರೂ ಕಾಯುತ್ತಾರೆ.