ಜ್ವಾಲಾ ಪರೀಕ್ಷೆ: ಕ್ಯಾಲ್ಸಿಯಂನ ಕೆಂಪು ಯಾವುದು, ಸ್ಟ್ರಾನ್ಷಿಯಂನ ಕೆಂಪು ಯಾವುದು?

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಿನ್ನೆ ಲವಣ ವಿಶ್ಲೇಷಣೆ ಮಾಡುವಾಗ ಐದನೆಯ ಗುಂಪಿನಲ್ಲಿ (ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂಗಳ ಪರೀಕ್ಷೆ) ಅಮೋನಿಯಂ ಕಾರ್ಬೊನೇಟ್ ಹಾಕಿದೊಡನೆ ಬಿಳಿಯ ಪ್ರಕ್ಷೇಪ (ಕರಗದೆ ಉಳಿಯುವ ಗಸಿ) ಬಂದಿತು. ಆದರೆ ತಂತಿಯ ತುದಿಯಲ್ಲಿ ಲವಣವನ್ನು ಹಿಡಿದು ಜ್ವಾಲೆಯ ಬಣ್ಣ ನೋಡುವ ಜ್ವಾಲಾ ಪರೀಕ್ಷೆಯಲ್ಲಿ ಹಳದಿಯೇ ಎದ್ದು ಕಾಣುತ್ತಿತ್ತು. ಅದರ ಅಂಚಿನಲ್ಲಿ ಒಂದು ಕ್ಷಣ ಕೆಂಪು ಸುಳಿದಂತಾಯಿತು. ಅದನ್ನು ಇಟ್ಟಿಗೆಗೆಂಪು ಎಂದುಕೊಂಡು ಕ್ಯಾಲ್ಸಿಯಂ ಎಂದು ಬರೆದೆ. ಕೊಟ್ಟಿದ್ದ ಲವಣ ಸ್ಟ್ರಾನ್ಷಿಯಂನದ್ದಾಗಿತ್ತು. ತಂತಿಯನ್ನು ನಲ್ಲಿಯ ನೀರಿನಲ್ಲಿ ಚೆನ್ನಾಗಿ ತೊಳೆದೇ ಹಿಡಿದಿದ್ದೆ. ನಾನು ತಪ್ಪಿದ್ದು ಎಲ್ಲಿ?

ಉತ್ತರ (ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಮೈಸೂರು)

ನೋಡಮ್ಮ, ತಪ್ಪು ಆ ನಲ್ಲಿಯ ನೀರಿನಿಂದಲೇ ಆರಂಭವಾಗಿದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಸೋಡಿಯಂ ಎರಡೂ ಕರಗಿರುತ್ತವೆ. ಸೋಡಿಯಂ ಅಂತೂ ಬೆರಳಿನ ಬೆವರಿನಿಂದ ತಂತಿಗೆ ಅಂಟಿದರೂ ಸಾಕು, ಅದರ 589 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ಹಳದಿ ಬೆಳಕು ಉಳಿದ ಬಣ್ಣಗಳನ್ನೆಲ್ಲ ಮುಚ್ಚಿಬಿಡುತ್ತದೆ. ವಾಚ್‌ಗ್ಲಾಸಿನಲ್ಲಿ ಕೆಲವೇ ಹನಿ ಸಾರೀಕೃತ ಹೈಡ್ರೋಕ್ಲೋರಿಕ್ ಆಮ್ಲ ತೆಗೆದುಕೊಂಡು, ತಂತಿಯನ್ನು ಅದರಲ್ಲಿ ಅದ್ದಿ, ಬರ್ನರಿನ ಗಾಳಿಕಿಂಡಿ ತೆರೆದಾಗ ಬರುವ ನೀಲಿ ಜ್ವಾಲೆಯಲ್ಲಿ ಕಾಯಿಸಬೇಕು. ಜ್ವಾಲೆಗೆ ಯಾವ ಬಣ್ಣವೂ ಬಾರದ ತನಕ ಹೀಗೆ ಮಾಡುತ್ತಲೇ ಇರಬೇಕು. ಆಮ್ಲ ಹಳದಿ ತೋರಿಸತೊಡಗಿದರೆ ಅದನ್ನು ಚೆಲ್ಲಿ ಹೊಸದನ್ನು ತೆಗೆದುಕೊಳ್ಳಿ. ಲವಣವನ್ನು ಅದೇ ಆಮ್ಲದಲ್ಲಿ ಕಲಸುವುದೇಕೆಂದರೆ, ಕ್ಲೋರೈಡುಗಳು ಸುಲಭವಾಗಿ ಆವಿಯಾಗುತ್ತವೆ.

ಕಾದ ತಂತಿ ತಾನೇ ಕೆಂಪಗೆ ಹೊಳೆಯುತ್ತದೆ. ಆದ್ದರಿಂದ ತಂತಿಯನ್ನಲ್ಲ, ಅದರ ಮೇಲಿನ ಜ್ವಾಲೆಯನ್ನು ನೋಡಬೇಕು. ಕ್ಯಾಲ್ಸಿಯಂನದು ಕಿತ್ತಳೆ ಬೆರೆತ ಹೆಂಚಿನ ಬಣ್ಣ, ಬೇಗನೆ ಮಾಯವಾಗುತ್ತದೆ. ಸ್ಟ್ರಾನ್ಷಿಯಂನದು ಕುಂಕುಮದಂಥ ಕಡುಗೆಂಪು, ಸ್ವಲ್ಪ ಹೊತ್ತು ನಿಲ್ಲುತ್ತದೆ. ಬೇರಿಯಂನ ತಿಳಿಹಸಿರು ಬರಬೇಕಾದರೆ ಹೆಚ್ಚು ಹೊತ್ತು ಕಾಯಿಸಬೇಕು.

ಉತ್ತರ (ಎಂ.ಎಸ್ಸಿ. ವಿದ್ಯಾರ್ಥಿ, ಮಾನಸಗಂಗೋತ್ರಿ)

ಗುರುಗಳು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಜ್ವಾಲೆಯಲ್ಲಿ ನಾವು ಕಾಣುವ ಕ್ಯಾಲ್ಸಿಯಂನ ಕೆಂಪು ಬಹುಮಟ್ಟಿಗೆ ಕ್ಯಾಲ್ಸಿಯಂ ಪರಮಾಣುವಿನದ್ದಲ್ಲ, ಜ್ವಾಲೆಯೊಳಗೆ ಹುಟ್ಟುವ ಕ್ಯಾಲ್ಸಿಯಂ ಮಾನೋಹೈಡ್ರಾಕ್ಸೈಡ್ (CaOH) ಅಣುವಿನದ್ದು. ಪರಮಾಣು ಸೂಸುವ ಬೆಳಕಿನ ಮುಖ್ಯ ರೇಖೆ ಇರುವುದು 422.7 ನ್ಯಾನೋಮೀಟರ್‌ನಲ್ಲಿ, ಅಂದರೆ ನೇರಳೆಯ ಕಡೆ. ಆ ಅಣು ಹಸಿರು ಬೆಳಕನ್ನೂ ಸೂಸುವುದರಿಂದ ಕೋಬಾಲ್ಟ್ ನೀಲಿ ಗಾಜಿನ ಮೂಲಕ ನೋಡಿದರೆ ಕ್ಯಾಲ್ಸಿಯಂ ತಿಳಿಹಸಿರಾಗಿ, ಸ್ಟ್ರಾನ್ಷಿಯಂ ನೇರಳೆಯಾಗಿ ಕಾಣುತ್ತದೆ. ಸೋಡಿಯಂನ ಹಳದಿಯನ್ನು ಆ ಗಾಜೇ ಹೀರಿಕೊಳ್ಳುತ್ತದೆ. ಹೀಗಿದ್ದರೂ ಬಣ್ಣವೊಂದನ್ನೇ ನಂಬಿ ಉತ್ತರ ಬರೆಯಬೇಡಿ. ಪ್ರಕ್ಷೇಪವನ್ನು ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಮೊದಲು ಬೇರಿಯಂಗಾಗಿ ಪೊಟ್ಯಾಸಿಯಂ ಕ್ರೋಮೇಟ್, ಬಳಿಕ ಸ್ಟ್ರಾನ್ಷಿಯಂಗಾಗಿ ಅಮೋನಿಯಂ ಸಲ್ಫೇಟ್, ಕೊನೆಗೆ ಕ್ಯಾಲ್ಸಿಯಂಗಾಗಿ ಅಮೋನಿಯಂ ಆಕ್ಸಲೇಟ್ ಹಾಕಿ ನೋಡಿ. ಆಕ್ಸಲೇಟ್ ಈ ಮೂರು ಲೋಹಗಳನ್ನೂ ಪ್ರಕ್ಷೇಪಿಸಬಲ್ಲದಾದ್ದರಿಂದ ಈ ಕ್ರಮ ತಪ್ಪಬಾರದು.

ಪ್ರಶ್ನೆ ಕೇಳಿದವರಿಂದ

ಸರ್, ಇಂದು ಬಟ್ಟಿ ಇಳಿಸಿದ ನೀರನ್ನೇ ಬಳಸಿ ಮತ್ತೆ ಮಾಡಿದೆ. ಆರನೆಯ ಬಾರಿ ಆಮ್ಲದಲ್ಲಿ ಅದ್ದಿದ ಮೇಲಷ್ಟೇ ಹಳದಿ ಪೂರ್ತಿ ಹೋಯಿತು. ಆಮೇಲೆ ಬಂದದ್ದು ನೀವು ಹೇಳಿದ ಕುಂಕುಮದ ಕೆಂಪೇ. ಪಕ್ಕದಲ್ಲಿದ್ದ ಗೆಳತಿಯೂ ನೋಡಿ ಹೌದೆಂದಳು.