ಆರ್‌ವಿ ಫರ್ನೆಸ್ ಬೆಳಗಿನ ಜಾವ ತಣ್ಣನೆ ಗಾಳಿ ಊದುತ್ತಿದೆ: ಗ್ಯಾಸೋ, ಬ್ಯಾಟರಿಯೋ? ಈಗ ಯೂಟಾದ ಟೋರಿಯಲ್ಲಿದ್ದೇವೆ

ಮಂಡ್ಯ_ಟು_ಮೋಆಬ್

ನಮಸ್ಕಾರ. ಬೇ ಏರಿಯಾದಿಂದ ಹೊರಟಿರೋ ಐದು ಜನ ಗೆಳೆಯರು, ಬಾಡಿಗೆಯ 28 ಅಡಿ ಕ್ಲಾಸ್ ಸಿ ಆರ್‌ವಿ (ಒಳಗೇ ಮಲಗೋಕೆ, ಅಡುಗೆಗೆ ವ್ಯವಸ್ಥೆ ಇರೋ ಗಾಡಿ), ಫೋರ್ಡ್ ಇ-450 ಚಾಸಿ. ಝಯಾನ್, ಬ್ರೈಸ್ ನ್ಯಾಷನಲ್ ಪಾರ್ಕ್ ಮುಗಿಸ್ಕೊಂಡು ಹೈವೇ 12ರಲ್ಲಿ ಬಂದು ಟೋರಿಯ ಪೆಟ್ರೋಲ್ ಬಂಕಲ್ಲಿ ನಿಂತಿದ್ದೀವಿ. ಮುಂದೆ ಕ್ಯಾಪಿಟಲ್ ರೀಫ್ ನ್ಯಾಷನಲ್ ಪಾರ್ಕ್ ಒಳಗೆ ಫ್ರೂಟಾ ಕ್ಯಾಂಪ್‌ಗ್ರೌಂಡ್. ಅಲ್ಲಿ ಸಿಗ್ನಲ್ ನಂಬೋ ಹಾಗಿಲ್ಲ, ಅದಕ್ಕೇ ಇಲ್ಲೇ ಕೇಳಿಬಿಡ್ತೀನಿ.

ಬ್ರೈಸ್‌ನ ನಾರ್ತ್ ಕ್ಯಾಂಪ್‌ಗ್ರೌಂಡಲ್ಲಿ ನಿನ್ನೆ ಮಲಗೋವಾಗ ಫರ್ನೆಸ್ (ಗ್ಯಾಸ್ ಹೀಟರ್) ಚೆನ್ನಾಗೇ ಬಿಸಿ ಕೊಡ್ತಿತ್ತು. ಮೂರು ಗಂಟೆ ಸುಮಾರಿಗೆ ಎಚ್ಚರ ಆದ್ರೆ ಫ್ಯಾನ್ ಓಡ್ತಾನೇ ಇದೆ, ಬರ್ತಿರೋದು ಮಾತ್ರ ಕೊರೆಯೋ ಗಾಳಿ. ಸ್ವಲ್ಪ ಹೊತ್ತಿಗೆ ನೆಲದ ಹತ್ತಿರ ಇರೋ ಗ್ಯಾಸ್ ಡಿಟೆಕ್ಟರ್ ಕೀಂ, ಕೀಂ ಅನ್ನೋಕೆ ಶುರು. ಗ್ಯಾಸ್ ಸೋರ್ತಿದೆ ಅಂತ ಎಲ್ಲರೂ ಕಂಬಳಿ ಸಮೇತ ಹೊರಗೆ. ವಾಸನೆ ಏನೂ ಇಲ್ಲ. ಬೆಳಿಗ್ಗೆ ನೋಡಿದ್ರೆ ಲೈಟ್ ಮಂಕು, ನೀರಿನ ಪಂಪ್ ನರಳ್ತಿದೆ, ಜನರೇಟರ್ ಬಟನ್ ಒತ್ತಿದ್ರೆ ಟಕ್ ಅಂದು ಸುಮ್ಮನಾಗುತ್ತೆ. ಎಂಜಿನ್ ಮಾತ್ರ ಒಂದೇ ಸಲಕ್ಕೆ ಸ್ಟಾರ್ಟ್.

ಬಾಡಿಗೆಯವರಿಗೆ ಫೋನ್ ಮಾಡಿದ್ರೆ "ಓಡಿಸಿ, ತಾನಾಗೇ ಚಾರ್ಜ್ ಆಗುತ್ತೆ" ಅಂದ್ರು. ಎಸ್ಕಲಾಂಟೆ, ಹಾಗ್‌ಬ್ಯಾಕ್, ಬೌಲ್ಡರ್ ಮೌಂಟನ್ ಎಲ್ಲಾ ದಾಟಿ ಬಂದ್ವಿ. ಪ್ಯಾನೆಲ್ಲಲ್ಲಿ ಬ್ಯಾಟರಿಗೆ ನಾಲ್ಕು ದೀಪ ಇರೋದು, ಉರೀತಿರೋದು ಎರಡು. ಇವತ್ತು ರಾತ್ರಿ ಏನ್ಮಾಡ್ಬೇಕು?

ಖಾಲಿ_ಟ್ಯಾಂಕ್

ಪ್ರೊಪೇನ್ ಖಾಲಿ ಆಗಿರುತ್ತೆ ಗುರು. ತುಂಬಿಸ್ಕೊಳ್ಳಿ, ಸರಿಹೋಗುತ್ತೆ. ಹಾಗ್‌ಬ್ಯಾಕ್ ಮೇಲೆ ಡ್ರೈವ್ ಮಾಡಿದ್ದು ಯಾರು? ಎರಡೂ ಕಡೆ ತಡೆಗೋಡೆ ಇಲ್ಲದ ಆ ಜಾಗದಲ್ಲಿ 28 ಅಡಿ ಗಾಡಿ ಓಡಿಸಿದವರಿಗೆ ಫರ್ನೆಸ್ಸೇ ಬೇಕಿಲ್ಲ, ಬೆವರೇ ಸಾಕು.

ರೀನೋ_ವೈರಿಂಗ್

ಗ್ಯಾಸ್ ಅಲ್ಲ ಅಂತ ನನ್ನ ಅಂದಾಜು. ಖಾತ್ರಿ ಮಾಡ್ಕೊಳ್ಳೋಕೆ ಒಂದು ನಿಮಿಷ ಸಾಕು, ಒಲೆ ಹಚ್ಚಿ ನೋಡಿ. ನೀಲಿ ಜ್ವಾಲೆ ಸ್ಥಿರವಾಗಿ ನಿಂತರೆ ಗ್ಯಾಸ್ ಇದೆ.

ಜನರೇಟರ್ ಸ್ಟಾರ್ಟ್ ಆಗೋದು ಎಂಜಿನ್ ಬ್ಯಾಟರಿಯಿಂದ ಅಲ್ಲ, ಮನೆ ಕಡೆಯ ಬ್ಯಾಟರಿಯಿಂದ, ಅಂದ್ರೆ ಹೌಸ್ ಬ್ಯಾಟರಿಯಿಂದ. ಪಂಪ್, ಲೈಟ್, ಫರ್ನೆಸ್ ಫ್ಯಾನ್, ಡಿಟೆಕ್ಟರ್ ಎಲ್ಲಾ ಅದರಿಂದಲೇ. ನೀವು ಹೇಳಿದ ಲಕ್ಷಣಗಳೆಲ್ಲ ಒಂದೇ ಕಡೆ ಬೆರಳು ತೋರಿಸ್ತಿವೆ.

ತಣ್ಣನೆ ಗಾಳಿ ಯಾಕೆ ಅಂದ್ರೆ, ಫರ್ನೆಸ್ಸಲ್ಲಿ ಮೊದಲು ಫ್ಯಾನ್ ತಿರುಗುತ್ತೆ. ಗಾಳಿಯ ಹೊಡೆತಕ್ಕೆ ಸೈಲ್ ಸ್ವಿಚ್ ಅನ್ನೋ ತೆಳು ತಗಡು ಸರಿದು ಕೂತರೆ ಮಾತ್ರ ಗ್ಯಾಸ್ ವಾಲ್ವ್ ತೆರೆದು ಕಿಡಿ ಹಾರುತ್ತೆ. ವೋಲ್ಟೇಜ್ 11ರ ಕೆಳಗೆ ಇಳಿದಾಗ ಫ್ಯಾನ್ ತಿರುಗುತ್ತೆ, ಆದ್ರೆ ಆ ತಗಡನ್ನ ತಳ್ಳುವಷ್ಟು ಜೋರಾಗಿ ಅಲ್ಲ. ಬೆಂಕಿ ಹತ್ತಲ್ಲ. ರೂಮು ಬಿಸಿಯಾಗಲಿಲ್ಲ ಅಂತ ಥರ್ಮೋಸ್ಟಾಟ್ ಕೇಳ್ತಾನೇ ಇರುತ್ತೆ, ಫ್ಯಾನ್ ಓಡ್ತಾನೇ ಇರುತ್ತೆ, ಉಳಿದಿದ್ದ ಕರೆಂಟೂ ಅದಕ್ಕೇ ಹೋಗುತ್ತೆ.

ಇಷ್ಟು ಹೇಳಿ:
ಬ್ರೈಸ್‌ನಲ್ಲಿ ಎಷ್ಟು ರಾತ್ರಿ? ಮೊದಲನೆಯದು ಸರಿಯಿತ್ತಾ? ಝಯಾನ್‌ನಲ್ಲಿ ಕರೆಂಟ್ ಹುಕಪ್ (ಗಾಡಿಗೆ ಹೊರಗಿಂದ ಪ್ಲಗ್ ಹಾಕೋ ವ್ಯವಸ್ಥೆ) ಇತ್ತಾ?
ಇನ್ವರ್ಟರ್ ಇದ್ಯಾ? ಅದರ ಮೇಲೆ ಏನೇನು ಓಡಿಸ್ತೀರಾ?
ಪಕ್ಕದ ಗಾಡಿಯವರ ಹತ್ತಿರ ವೋಲ್ಟ್ ಅಳೆಯೋ ಮಲ್ಟಿಮೀಟರ್ ಸಿಗುತ್ತಾ ಕೇಳಿ. ಆರ್‌ವಿ ಇಟ್ಕೊಂಡಿರೋ ಹಿರಿಯರ ಹತ್ತಿರ ಅದು ಇಲ್ಲದೇ ಇರೋದು ಕಡಿಮೆ.

ಚಳಿಗೆ_ಚಹಾ

ಇವತ್ತೂ ಹಾಗೇ ಆದ್ರೆ ಒಲೆಯ ಬರ್ನರ್ ಹಚ್ಚಿಟ್ಟು ಮಲಗಿದ್ರೆ ಆಗಲ್ವಾ? ನಾವು ಟಾಹೋದಲ್ಲಿ ಹಾಗೇ ಮಾಡಿದ್ವಿ.

ರೀನೋ_ವೈರಿಂಗ್

ಬೇಡವೇ ಬೇಡ. ಮುಚ್ಚಿದ ಡಬ್ಬದಲ್ಲಿ ಐದು ಜನ ಮಲಗಿದಾಗ ಒಲೆ ಉರಿದರೆ ಆಮ್ಲಜನಕ ಕಮ್ಮಿಯಾಗುತ್ತೆ, ಕಾರ್ಬನ್ ಮೊನಾಕ್ಸೈಡ್ ಕಟ್ಟುತ್ತೆ. ಅದಕ್ಕೆ ವಾಸನೆ ಇಲ್ಲ. ಇವರ ವಿಷಯದಲ್ಲಿ ಇನ್ನೂ ಕೆಟ್ಟದ್ದೇನಂದ್ರೆ, ಡಿಟೆಕ್ಟರ್ ಕೂಡ ಅದೇ ಸತ್ತ ಬ್ಯಾಟರಿಯಿಂದ ಓಡೋದು. ಎಚ್ಚರಿಸಬೇಕಾದ ಯಂತ್ರವೇ ಬಂದ್ ಆಗಿರುವಾಗ ಬೆಂಕಿ ಹಚ್ಚಿ ಮಲಗೋದಾ? ರಾತ್ರಿಯಿಡೀ ಎಂಜಿನ್ ಓಡಿಸಿಕೊಂಡು ಮಲಗೋದೂ ಅಷ್ಟೇ ಅಪಾಯ. ಟಾಹೋದಲ್ಲಿ ಏನೂ ಆಗಲಿಲ್ಲ ಅನ್ನೋದು ನಿಮ್ಮ ಪುಣ್ಯ.

ಇನ್ನು ಆ ಕೀಂ ಕೀಂ. ಬಿಟ್ಟು ಬಿಟ್ಟು ಒಂದೊಂದೇ ಕೀಂ ಅಂದ್ರೆ ಸಾಮಾನ್ಯವಾಗಿ ವೋಲ್ಟೇಜ್ ಕಡಿಮೆ, ಇಲ್ಲಾ ಡಿಟೆಕ್ಟರ್ ಹಳೇದಾಗಿದೆ ಅಂತ. ಬಿಡದೆ ಜೋರಾಗಿ ಕಿರುಚಿದ್ರೆ ಗ್ಯಾಸ್. ಅರೆನಿದ್ರೆಯಲ್ಲಿ ಅದನ್ನೆಲ್ಲ ಯಾರು ವಿಂಗಡಿಸ್ತಾರೆ, ಹೊರಗೆ ಓಡಿದ್ದೇ ಸರಿ.

ಮಂಡ್ಯ_ಟು_ಮೋಆಬ್

ಒಲೆ ಚೆನ್ನಾಗಿ ಉರೀತಿದೆ. ಝಯಾನ್‌ನ ವಾಚ್‌ಮನ್ ಕ್ಯಾಂಪ್‌ಗ್ರೌಂಡಲ್ಲಿ ಹುಕಪ್ ಇತ್ತು, ಅಲ್ಲಿ ತೊಂದರೆ ಇರ್ಲಿಲ್ಲ. ಬ್ರೈಸ್ ಎರಡು ರಾತ್ರಿ. ಮೊದಲನೇದು ಸರಿ, ಎರಡನೇದು ಕೈ ಕೊಟ್ಟಿದ್ದು. ನಡುವೆ ಹಗಲು ರೇನ್‌ಬೋ ಪಾಯಿಂಟ್ ತನಕ ಹೋಗಿ ಬಂದಿದ್ವಿ.

ಇನ್ವರ್ಟರ್ ಇದೆ. ಫೋನು, ಲ್ಯಾಪ್‌ಟಾಪು, ಆಮೇಲೆ ಸಣ್ಣ ಎಲೆಕ್ಟ್ರಿಕ್ ಕುಕ್ಕರ್, 700 ವ್ಯಾಟ್. ಬಿಸಿಬೇಳೆಬಾತ್ ಮಾಡಿದ್ವಿ ಸಾರ್, ಬ್ರೈಸ್ ಚಳಿಗೆ ಬ್ರೆಡ್ಡು ಸೆಟ್ ಆಗಲ್ಲ.

ಬಂಕಲ್ಲಿ ನಿಂತಿದ್ದ ಒಬ್ಬ ತಾತ ಮೀಟರ್ ಕೊಟ್ಟು ತಾವೇ ಬಂದು ಪಕ್ಕ ನಿಂತ್ಕೊಂಡ್ರು. ಬಾಗಿಲ ಮೆಟ್ಟಿಲು ಎತ್ತಿದ್ರೆ ಕೆಳಗೆ ಎರಡು ಬ್ಯಾಟರಿ. ಟರ್ಮಿನಲ್ ಮೇಲೆ ಹಸಿರು ಬಿಳಿ ಪುಡಿ ಹೂವಿನ ಥರ ಕಟ್ಕೊಂಡಿದೆ. ಎಂಜಿನ್ ಆಫ್ ಇದ್ದಾಗ 12.1 ವೋಲ್ಟ್. ಆನ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು ನೋಡಿದ್ರೂ 12.1. ತಾತ "ಹಂ" ಅಂದ್ರು, ಏನೂ ಹೇಳ್ಲಿಲ್ಲ.

ರೀನೋ_ವೈರಿಂಗ್

ತಾತನಿಗೆ ಗೊತ್ತಾಗಿದೆ.

ಎಂಜಿನ್ ಓಡುವಾಗ ಆಲ್ಟರ್ನೇಟರ್‌ನಿಂದ ಹೌಸ್ ಬ್ಯಾಟರಿಗೂ ಚಾರ್ಜ್ ಹೋಗಬೇಕು, ಅಲ್ಲಿ 13.5ರ ಮೇಲೆ ಕಾಣಬೇಕು. ನಿಮ್ಮದು ಅಲುಗಾಡ್ತಾನೇ ಇಲ್ಲ. "ಓಡಿಸಿ, ಚಾರ್ಜ್ ಆಗುತ್ತೆ" ಅನ್ನೋ ಮಾತು ನಿಮ್ಮ ಗಾಡಿಗೆ ಅನ್ವಯಿಸಲ್ಲ, ಬೌಲ್ಡರ್ ಮೌಂಟನ್ ಅಲ್ಲ, ರಾಕೀಸ್ ದಾಟಿದ್ರೂ ಅಷ್ಟೇ. ಝಯಾನ್‌ನಲ್ಲಿ ತುಂಬಿದ ಚಾರ್ಜಲ್ಲಿ ಮೊದಲ ರಾತ್ರಿ ಕಳೀತು. ಎರಡನೇ ರಾತ್ರಿ ತಳಕ್ಕೆ ಹೋಯ್ತು. ಈಗ ಕಾಣೋ 12.1 ಕೂಡ ಲೋಡ್ ಇಲ್ಲದೆ ಸುಧಾರಿಸಿಕೊಂಡ ಅಂಕಿ, ಫ್ಯಾನ್ ಹಾಕಿದ ಕೂಡಲೇ ಕುಸಿಯುತ್ತೆ.

ಲೆಕ್ಕ ನೋಡಿ. ಆ ಗಾತ್ರದ ಎರಡು ಲೆಡ್-ಆ್ಯಸಿಡ್ ಬ್ಯಾಟರಿ ಅಂದ್ರೆ ಸುಮಾರು 160 ಆ್ಯಂಪ್-ಅವರ್. ಅರ್ಧಕ್ಕಿಂತ ಹೆಚ್ಚು ಇಳಿಸಿದ್ರೆ ಬ್ಯಾಟರಿ ಹಾಳಾಗುತ್ತೆ, ಹಾಗಾಗಿ ಕೈಗೆ ಸಿಗೋದು 80. ಫರ್ನೆಸ್ ಫ್ಯಾನ್ 7-8 ಆ್ಯಂಪ್ ಎಳೆಯುತ್ತೆ, ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಓಡಿದ್ರೂ 40 ಹತ್ತಿರ. ಕುಕ್ಕರ್ 700 ವ್ಯಾಟ್, ಇನ್ವರ್ಟರ್ ನಷ್ಟ ಸೇರಿ ಬ್ಯಾಟರಿಯಿಂದ 65 ಆ್ಯಂಪ್, ಇಪ್ಪತ್ತು ನಿಮಿಷಕ್ಕೆ 20 ಮಾಯ. ಇನ್ವರ್ಟರ್ ಸುಮ್ಮನೆ ಆನ್ ಇದ್ರೂ ರಾತ್ರಿಗೆ 10ರ ಮೇಲೆ. ಫ್ರಿಜ್ ಬೋರ್ಡ್, ಡಿಟೆಕ್ಟರ್ ಇನ್ನೊಂದಷ್ಟು. ಪೂರ್ತಿ ಚಾರ್ಜ್ ಇದ್ರೂ ಒಂದು ಚಳಿ ರಾತ್ರಿಗೆ ಸರಿಯಾಗಿ ಸಾಲುತ್ತೆ, ಅಷ್ಟೇ. ಬಿಸಿಬೇಳೆಬಾತ್ ಮೇಲೆ ನನಗೇನೂ ದ್ವೇಷ ಇಲ್ಲ, ಒಲೆ ಮೇಲೆ ಕುಕ್ಕರ್ ಇಡಿ.

ಡ್ಯಾಶ್‌ಬೋರ್ಡಲ್ಲಿ "ಆಕ್ಸ್ ಸ್ಟಾರ್ಟ್" ಅಥವಾ "ಎಮರ್ಜೆನ್ಸಿ ಸ್ಟಾರ್ಟ್" ಅಂತ ಸಣ್ಣ ಸ್ವಿಚ್ ಇರುತ್ತೆ. ಎಂಜಿನ್ ಓಡ್ತಿರುವಾಗ ಒಬ್ಬರು ಅದನ್ನ ಒತ್ತಿ ಹಿಡಿಯಿರಿ, ಇನ್ನೊಬ್ಬರು ಜನರೇಟರ್ ಬಟನ್ ಒತ್ತಿ. ಎಂಜಿನ್ ಬ್ಯಾಟರಿ, ಹೌಸ್ ಬ್ಯಾಟರಿ ಎರಡೂ ಕ್ಷಣಕಾಲ ಜೋಡಿಯಾಗಿ ಜನರೇಟರ್ ಹತ್ತಬೇಕು. ಪೆಟ್ರೋಲ್ ಟ್ಯಾಂಕ್ ಕಾಲು ಭಾಗಕ್ಕಿಂತ ಕಮ್ಮಿ ಇದ್ರೆ ಮಾತ್ರ ಹತ್ತಲ್ಲ, ದಾರಿ ಮಧ್ಯೆ ಸಿಕ್ಕಿಹಾಕಿಕೊಳ್ಳದಿರಲಿ ಅಂತ ಜನರೇಟರ್‌ಗೆ ಪೆಟ್ರೋಲ್ ಎಳೆಯೋ ಕೊಳವೆ ಅಷ್ಟು ಮೇಲಿಟ್ಟಿರ್ತಾರೆ. ಏನಾಯ್ತು ಹೇಳಿ.

ಮಂಡ್ಯ_ಟು_ಮೋಆಬ್

ಟ್ಯಾಂಕ್ ಈಗಷ್ಟೇ ತುಂಬಿಸಿದ್ದು. ಸ್ವಿಚ್ ಸಿಕ್ತು, ಸ್ಟೀರಿಂಗ್ ಎಡಕ್ಕೆ. ಒತ್ತಿದಾಗ ಬಾನೆಟ್ ಕೆಳಗೆಲ್ಲೋ ಟಕ್ ಅಂತು. ಜನರೇಟರ್ ಮಾತ್ರ ಅದೇ ಹಾಡು.

ರೀನೋ_ವೈರಿಂಗ್

ಟಕ್ ಅಂದಿದ್ದು ಸೊಲೆನಾಯ್ಡ್, ಎರಡು ಬ್ಯಾಟರಿಯನ್ನ ಜೋಡಿಸೋ ರಿಲೇ. ಕಾಯಿಲ್ ಎಳೀತಿದೆ, ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು. ಹಲವು ಗಾಡಿಗಳಲ್ಲಿ ಚಾರ್ಜಿಂಗಿಗೂ ಆಕ್ಸ್ ಸ್ಟಾರ್ಟಿಗೂ ಅದೊಂದೇ. ಅದರ ಎರಡು ದಪ್ಪ ಬೋಲ್ಟ್ ಮೇಲೆ ಎಂಜಿನ್ ಓಡುವಾಗ ವೋಲ್ಟ್ ನೋಡಿ, ಮೀಟರಿನ ಒಂದು ತಂತಿ ಬೋಲ್ಟಿಗೆ, ಇನ್ನೊಂದು ಚಾಸಿಯ ಲೋಹಕ್ಕೆ (ಗ್ರೌಂಡ್). ಎರಡೂ ಕಡೆ ಒಂದೇ ಅಂಕಿ ಬಂದ್ರೆ ರಿಲೇ ಸರಿಯಿದೆ, ಮುಂದಿನ ತಂತಿ ಅಥವಾ ಆ ಪುಡಿ ಕಟ್ಟಿದ ಟರ್ಮಿನಲ್ ನೋಡಬೇಕು. ಒಂದು ಕಡೆ 14, ಇನ್ನೊಂದು ಕಡೆ 12 ಬಂದ್ರೆ ರಿಲೇನೇ ಕಳ್ಳ. ಕೈಯ ಕಡಗ, ಉಂಗುರ ತೆಗೆದಿಟ್ಟು ಮುಟ್ಟಿ. ಫ್ಯಾನ್ ಬೆಲ್ಟ್ ಹತ್ತಿರ ಜಾಕೆಟ್ ದಾರ ನೇತಾಡದಿರಲಿ.

ಅಳೆಯೋದು ನೀವು ಮಾಡಿ, ಬಿಚ್ಚೋದು ಬೇಡ. ಬಾಡಿಗೆ ಗಾಡಿ. ಅಂಕಿಗಳ ಫೋಟೋ ತೆಗೆದು ಕಂಪನಿಗೆ ಕಳಿಸಿ, "ಬಿಸಿ ಬರ್ತಿಲ್ಲ" ಅನ್ನೋದರ ಬದಲು "ಎಂಜಿನ್ ಓಡುವಾಗ ಹೌಸ್ ಬ್ಯಾಟರಿಗೆ 12.1 ವೋಲ್ಟ್" ಅಂತ ಹೇಳಿ. ಉತ್ತರದ ಧಾಟಿಯೇ ಬದಲಾಗುತ್ತೆ.

ಇವತ್ತು ಫ್ರೂಟಾಗೆ ಹೋಗಬೇಡಿ. ಜಾಗ ಸ್ವರ್ಗ, ಕೆಂಪು ಬಂಡೆಗೋಡೆಗಳ ನಡುವೆ ಮಾರ್ಮನ್ ಪಂಥದ ವಲಸಿಗರು ನೆಟ್ಟ ಹಣ್ಣಿನ ತೋಟ, ಆದ್ರೆ ಹುಕಪ್ ಇಲ್ಲ. ಟೋರಿಯಲ್ಲೇ ಕರೆಂಟ್ ಇರೋ ಆರ್‌ವಿ ಪಾರ್ಕಲ್ಲಿ ಜಾಗ ಹಿಡಿದು ರಾತ್ರಿಯಿಡೀ ಪ್ಲಗ್ ಹಾಕಿಡಿ. ಜನರೇಟರ್ ಎರಡು ಗಂಟೆ ಓಡಿಸಿದ್ರೆ ಸಾಕು ಅಂತ ಯಾರಾದ್ರೂ ಹೇಳ್ತಾರೆ. ಲೆಡ್-ಆ್ಯಸಿಡ್ ಮೊದಲು ಬೇಗ ಕುಡಿಯುತ್ತೆ, ಕೊನೆಯ ಇಪ್ಪತ್ತು ಶೇಕಡಾಕ್ಕೆ ಗಂಟೆಗಟ್ಟಲೆ ತಗೊಳ್ಳುತ್ತೆ.

ಟ್ರಾವೆಲರ್_ಕಟ್ಟಿದವ

ಬೆಂಗಳೂರಿಂದ. ಫೋರ್ಸ್ ಟ್ರಾವೆಲರ್ ತಗೊಂಡು ಕ್ಯಾಂಪರ್ ಮಾಡಿದ್ದೀನಿ. ಇಲ್ಲಿ ಫರ್ನೆಸ್ ಯೋಚನೆ ಇಲ್ಲ, ಫ್ಯಾನೇ ಬ್ಯಾಟರಿ ತಿನ್ನೋದು. ಈ ಸೊಲೆನಾಯ್ಡ್ ತಲೆನೋವೇ ಬೇಡ ಅಂತ ಡಿಸಿ-ಡಿಸಿ ಚಾರ್ಜರ್ (ಆಲ್ಟರ್ನೇಟರ್ ಕರೆಂಟನ್ನ ಮಿತಿಯಲ್ಲಿ ಬ್ಯಾಟರಿಗೆ ಕೊಡೋ ಯಂತ್ರ) ಹಾಕಿದೆ, ಲಿಥಿಯಂ ಬ್ಯಾಟರಿ ಜೊತೆ. ಸ್ವಂತ ಗಾಡಿ ಕಟ್ಟೋರು ಅದೇ ಮಾಡಿ. ಲಿಥಿಯಂ ಅನ್ನ ನೇರ ಸೊಲೆನಾಯ್ಡಿಗೆ ಕೊಟ್ರೆ ಆಲ್ಟರ್ನೇಟರ್ ಕಾದು ಕೆಂಡ ಆಗುತ್ತೆ.

ಮಂಡ್ಯ_ಟು_ಮೋಆಬ್

ಅಪ್‌ಡೇಟ್. ಒಂದು ಬೋಲ್ಟಲ್ಲಿ 14.1, ಇನ್ನೊಂದರಲ್ಲಿ 12.1. ತಾತನಿಗೆ ತೋರಿಸಿದೆ, ಮತ್ತೆ "ಹಂ". ಫೋಟೋ ಕಳಿಸಿದ ಮೇಲೆ ಕಂಪನಿಯವರು ಮರುಮಾತಾಡದೆ ರಿಚ್‌ಫೀಲ್ಡ್ ಕಡೆಯಿಂದ ಮೊಬೈಲ್ ಮೆಕ್ಯಾನಿಕ್ ಕಳಿಸಿದ್ರು, ಖರ್ಚೂ ಅವರದೇ. ಬಂದವನು ಹಳೇ ಸೊಲೆನಾಯ್ಡ್ ಬಿಚ್ಚಿ ಅಲ್ಲಾಡಿಸಿದ, ಒಳಗೆ ಏನೋ ಗಲಗಲ ಅಂತು. ಹೊಸದು ಹಾಕಿದ. ಬ್ಯಾಟರಿ ಮುಚ್ಚಳ ತೆಗೆದ್ರೆ ನೀರು ಪ್ಲೇಟಿಗಿಂತ ಕೆಳಗಿತ್ತು, ಡಿಸ್ಟಿಲ್ಡ್ ವಾಟರ್ ತುಂಬಿಸಿದ, ಟರ್ಮಿನಲ್ ಉಜ್ಜಿದ. ಈಗ ಎಂಜಿನ್ ಆನ್ ಮಾಡಿದ್ರೆ 13.9.

ರಾತ್ರಿ ಟೋರಿಯಲ್ಲಿ ಪ್ಲಗ್ ಹಾಕಿದ್ವಿ, ಮರುದಿನ ಫ್ರೂಟಾದಲ್ಲಿ ಬರೀ ಬ್ಯಾಟರಿ ಮೇಲೆ ಮಲಗಿದ್ವಿ. ಥರ್ಮೋಸ್ಟಾಟ್ 58 ಡಿಗ್ರಿ ಫ್ಯಾರನ್‌ಹೀಟ್‌ಗೆ ಇಳಿಸಿ, ಇನ್ವರ್ಟರ್ ಬಂದ್ ಮಾಡಿ. ಬೆಳಿಗ್ಗೆ 12.3. ಒಬ್ಬನ ಗೊರಕೆ ಬಿಟ್ರೆ ಬೇರೆ ಸದ್ದಿಲ್ಲ. ಮುಂದೆ ಮೋಆಬ್ ಹತ್ತಿರ ಡೆಡ್ ಹಾರ್ಸ್ ಪಾಯಿಂಟ್.

ರೀನೋ_ವೈರಿಂಗ್

ಒಳ್ಳೇದಾಯ್ತು. ಡೆಡ್ ಹಾರ್ಸ್ ಪಾಯಿಂಟ್ ಸ್ಟೇಟ್ ಪಾರ್ಕಲ್ಲಿ ಕರೆಂಟ್ ಇದೆ, ಆದ್ರೆ ಗಾಡಿಗೆ ತುಂಬಿಸಿಕೊಳ್ಳೋಕೆ ನೀರಿಲ್ಲ. ಮೋಆಬಲ್ಲೇ ಟ್ಯಾಂಕ್ ತುಂಬಿಸ್ಕೊಂಡು ಹತ್ತಿ.

ಮುಂದೆ ಈ ಥ್ರೆಡ್ ಓದೋ, ಸ್ವಂತ ಗಾಡಿ ಇರೋರಿಗೆ ಒಂದು ಮಾತು. ಸೊಲೆನಾಯ್ಡ್ ಕೊಳ್ಳುವಾಗ ಕಂಟಿನ್ಯುಯಸ್ ಡ್ಯೂಟಿ (ಗಂಟೆಗಟ್ಟಲೆ ಆನ್ ಇದ್ರೂ ತಾಳೋದು) ಅಂತ ಕೇಳಿ ತಗೊಳ್ಳಿ. ಸ್ಟಾರ್ಟರ್ ಸೊಲೆನಾಯ್ಡ್ ನೋಡೋಕೆ ಹಾಗೇ ಇರುತ್ತೆ, ಬೆಲೆಯೂ ಕಮ್ಮಿ. ಕೆಲವು ಸೆಕೆಂಡಿಗೆ ಮಾಡಿದ ಆ ಕಾಯಿಲ್ ದಿನವಿಡೀ ಡ್ರೈವ್ ಮಾಡಿದ್ರೆ ಸುಟ್ಟುಹೋಗುತ್ತೆ.

ಡೆನ್ವರ್_ದೋಸೆ

ಹಳೇ ಥ್ರೆಡ್ ಎಬ್ಬಿಸ್ತಿದ್ದೀನಿ, ಬೇಜಾರಾಗ್ಬೇಡಿ. ನಮ್ಮದು ಕೊಲೊರಾಡೋದ ಲೆಡ್‌ವಿಲ್ ಹತ್ತಿರ, 10,000 ಅಡಿ ಮೇಲೆ. ಬ್ಯಾಟರಿ 12.6, ಫರ್ನೆಸ್ ಸೂಪರ್. ಫ್ರಿಜ್ ಮಾತ್ರ ಗ್ಯಾಸಲ್ಲಿ ಹತ್ತಿ ಹತ್ತಿ ಆರಿಹೋಗುತ್ತೆ, "ಚೆಕ್" ದೀಪ ಬರುತ್ತೆ. ದೋಸೆ ಹಿಟ್ಟು ಉಕ್ಕಿ ಹೊರಗೆ ಬಂದಿದೆ. ಇದೂ ಸೊಲೆನಾಯ್ಡಾ?

ರೀನೋ_ವೈರಿಂಗ್

ಅಲ್ಲ, ನಿಮ್ಮದು ಎತ್ತರದ ಕಾಟ. ಗ್ಯಾಸಲ್ಲಿ ಓಡೋ ಅಬ್ಸಾರ್ಪ್ಷನ್ ಫ್ರಿಜ್ ಬರ್ನರ್ ಬಹಳ ಚಿಕ್ಕದು. ಗಾಳಿ ತೆಳುವಾದಂತೆ ಜ್ವಾಲೆ ನಿಲ್ಲಲ್ಲ. 5,500 ಅಡಿ ಮೇಲೆ ಜ್ವಾಲೆ ಆರಬಹುದು, ಕರೆಂಟಲ್ಲಿ ಓಡಿಸಿ ಅಂತ ತಯಾರಕರ ಕೈಪಿಡಿಯಲ್ಲೇ ಇರುತ್ತೆ. ಹುಕಪ್ ಇದ್ರೆ ಫ್ರಿಜ್ಜನ್ನ ಎಸಿ ಕರೆಂಟಿಗೆ ಹಾಕಿ. ಇಲ್ಲದಿದ್ರೆ ಹೊರಗಿನ ಜಾಲರಿ ತೆಗೆದು ಬರ್ನರ್ ಮೇಲೆ ತುಕ್ಕು, ಜೇಡರ ಬಲೆ ಇದ್ಯಾ ನೋಡಿ. ಗಾಡಿ ಮಟ್ಟಸವಾಗಿ ನಿಂತಿರಲಿ, ಅಕ್ಕಪಕ್ಕಕ್ಕೆ 3 ಡಿಗ್ರಿ, ಹಿಂದೆ ಮುಂದೆ 6 ಡಿಗ್ರಿಗಿಂತ ಹೆಚ್ಚು ವಾಲಿದ್ರೆ ಒಳಗಿನ ಅಮೋನಿಯಾ ಸರಿಯಾಗಿ ಹರಿಯಲ್ಲ. ಜನರೇಟರ್ ಕೂಡ ಅಲ್ಲಿ ಏದುಸಿರು ಬಿಡುತ್ತೆ, ಸಾವಿರ ಅಡಿಗೆ ಮೂರೂವರೆ ಶೇಕಡಾ ಶಕ್ತಿ ಹೋಗುತ್ತೆ. ಅದರ ಮೇಲೆ ಎತ್ತರ ಹೊಂದಿಸೋ ಗುಂಡಿ ಇದ್ರೆ ತಿರುಗಿಸಿಕೊಳ್ಳಿ.

"ಚೆಕ್" ಬಂದ ಮೇಲೆ ಫ್ರಿಜ್ ತಾನಾಗಿ ಮತ್ತೆ ಪ್ರಯತ್ನಿಸಲ್ಲ. ಕೆಳಗಿಳಿದ ಮೇಲೆ ಒಂದು ಸಲ ಆಫ್ ಮಾಡಿ ಆನ್ ಮಾಡಿ. ಹಿಟ್ಟನ್ನ ಅಷ್ಟರೊಳಗೆ ಹುಯ್ದು ತಿಂದುಬಿಡಿ.