ಶ್ರೀಪಾದ ಬೆಟ್ಟ: ವಯಸ್ಸಾದ ಅಪ್ಪ-ಅಮ್ಮ ಹತ್ತಬಹುದೇ? ಊಟಕ್ಕೆ ಏನು ಮಾಡುವುದು?

ಮೈಸೂರು ಮಲ್ಲಿಗೆ (ಪ್ರಶ್ನೆ)

ಫೆಬ್ರವರಿಯಲ್ಲಿ ಎಂಟು ದಿನ ಶ್ರೀಲಂಕಾಕ್ಕೆ ಹೊರಟಿದ್ದೇವೆ. ಅಪ್ಪನಿಗೆ 64, ಅಮ್ಮನಿಗೆ 59. ಇಬ್ಬರೂ ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಲ್ಲೇ ಹತ್ತುತ್ತಾರೆ, ಆದರೆ ಇಳಿಯುವಾಗ ಅಮ್ಮನಿಗೆ ಮಂಡಿ ಹಿಡಿಯುತ್ತದೆ. ಶ್ರೀಪಾದದ ಮೇಲೆ ಸೂರ್ಯೋದಯ ನೋಡಬೇಕು ಎನ್ನುವುದು ಅಪ್ಪನ ಆಸೆ. ಯಾವ ಕಡೆಯಿಂದ ಹತ್ತಬೇಕು, ಎಷ್ಟು ಗಂಟೆಗೆ ಹೊರಡಬೇಕು? ಮೂವರೂ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ. ಮೀನಿಲ್ಲದ ಊಟ ಕಷ್ಟ ಅಂತಾರೆ, ನಿಜವೇ?

ಘಟ್ಟದ ಹಾದಿ

ಫೆಬ್ರವರಿ ಒಳ್ಳೆಯ ತಿಂಗಳು. ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಾಕ್ ಹುಣ್ಣಿಮೆವರೆಗೆ ಯಾತ್ರೆಯ ಕಾಲ. ಆಗ ದಾರಿಯುದ್ದಕ್ಕೂ ದೀಪ ಇರುತ್ತದೆ, ರಾತ್ರಿಯಿಡೀ ಟೀ ಅಂಗಡಿ ತೆರೆದಿರುತ್ತದೆ. ಉಳಿದ ತಿಂಗಳುಗಳಲ್ಲಿ ಕತ್ತಲೆ, ಮಳೆ, ಗಾಳಿ.

ಹತ್ತುವುದು ಹ್ಯಾಟನ್ ಕಡೆಯಿಂದ, ಅಂದರೆ ನಲ್ಲತನ್ನಿ ಊರಿನಿಂದ. ರತ್ನಪುರದ ದಾರಿ ಹೆಚ್ಚು ಉದ್ದ, ನಿಮ್ಮ ತಂದೆ-ತಾಯಿಗೆ ಬೇಡ. ಕ್ಯಾಂಡಿಯಿಂದ ಹ್ಯಾಟನ್‌ಗೆ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತಕ್ಕೆ ಘಟ್ಟದ ರೈಲು ಮಾರ್ಗ ಹಲವೆಡೆ ಹಾಳಾಗಿತ್ತು, ಹಾಗಾಗಿ ಟಿಕೆಟ್‌ಗೆ ಮುಂಚೆ ಆ ಭಾಗದಲ್ಲಿ ರೈಲು ಓಡುತ್ತಿದೆಯೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಹ್ಯಾಟನ್‌ನಿಂದ ಬಸ್ಸಿನಲ್ಲಿ ಮಸ್ಕೆಲಿಯ ಮೇಲೆ ಹಾದು ನಲ್ಲತನ್ನಿಗೆ ಸುಮಾರು ಎರಡು ಗಂಟೆ. ಯಾತ್ರೆಯ ಕಾಲದಲ್ಲಿ ನೇರ ಬಸ್ಸು ಸಿಗುತ್ತದೆ. ಮಧ್ಯಾಹ್ನದ ಹೊತ್ತಿಗೇ ತಲುಪಿ ರೂಮಿನಲ್ಲಿ ಮಲಗಿಬಿಡಿ. ನಿದ್ದೆಗೆಟ್ಟು ಹತ್ತಿದವರೇ ಹೆಚ್ಚಾಗಿ ಅರ್ಧದಾರಿಯಲ್ಲಿ ಕೂತುಬಿಡುವುದು.

ಈಗ ಲೆಕ್ಕ. ಶಿಖರ 2,243 ಮೀಟರ್, ಮುಳ್ಳಯ್ಯನಗಿರಿಗಿಂತ ಎತ್ತರ. ಮೆಟ್ಟಿಲು ಸುಮಾರು 5,500, ಅಂದರೆ ಒಂದೇ ರಾತ್ರಿಯಲ್ಲಿ ಚಾಮುಂಡಿ ಬೆಟ್ಟವನ್ನು ಐದು ಸಲ ಹತ್ತಿದ ಹಾಗೆ. ಒಂದೇ ಅಳತೆಯ ಮೆಟ್ಟಿಲುಗಳೂ ಅಲ್ಲ: ಕೆಲವು ಗೇಣುದ್ದ, ಕೆಲವು ಮೊಣಕಾಲೆತ್ತರ. ಮೊದಲ ಭಾಗ ಚಹಾ ತೋಟದ ನಡುವೆ ಸಲೀಸು. ಜಪಾನಿಗಳು ಕಟ್ಟಿಸಿದ ಶಾಂತಿ ಸ್ತೂಪ, ಸೀತಾ ಗಂಗುಲ ಹಳ್ಳ ದಾಟಿದ ಮೇಲೆ ಏರು ಶುರು. ಕೊನೆಯ ಭಾಗ ಕಡಿದು, ಅಲ್ಲಿ ಕಂಬಿ ಹಿಡಿದೇ ಹತ್ತಬೇಕು.

ಗಟ್ಟಿಮುಟ್ಟಾದವರಿಗೆ ಮೂರೂವರೆ ಗಂಟೆ ಸಾಕು, ಅವರು ಎರಡು ಗಂಟೆಗೆ ಹೊರಡುತ್ತಾರೆ. ನೀವು ರಾತ್ರಿ ಹತ್ತೂವರೆ, ಹನ್ನೊಂದಕ್ಕೆ ಹೊರಡಿ. ಫೆಬ್ರವರಿಯಲ್ಲಿ ಸೂರ್ಯೋದಯ ಆರೂಕಾಲು, ಆರೂವರೆ ಆಸುಪಾಸು. ಆದರೆ ನಾಲ್ಕಕ್ಕೇ ತುದಿ ಮುಟ್ಟಬೇಡಿ. ಹತ್ತುವಾಗ ಬೆವರಿಗೆ ತೊಯ್ದ ಅಂಗಿ ತುದಿಯ ಗಾಳಿಗೆ ಮಂಜುಗಡ್ಡೆಯಾಗುತ್ತದೆ, ವಯಸ್ಸಾದವರಿಗೆ ನಡುಕ ಹತ್ತುವುದು ಅಲ್ಲೇ. ಮೇಲಿನ ಟೀ ಅಂಗಡಿಯೊಂದರಲ್ಲಿ ಕೂತು ಕಾಯಿರಿ, ಒಣ ಬನಿಯನ್, ಸ್ವೆಟರ್, ಮಫ್ಲರ್ ಹಾಕಿಕೊಂಡು ಐದೂವರೆಗೆ ಕೊನೆಯ ಮೆಟ್ಟಿಲು ಹತ್ತಿ.

ಹುಣ್ಣಿಮೆ ಮತ್ತು ವಾರಾಂತ್ಯ ಖಂಡಿತ ಬೇಡ. ಅಲ್ಲಿ ಪ್ರತಿ ಹುಣ್ಣಿಮೆಯೂ ಪೋಯ, ಸರ್ಕಾರಿ ರಜೆ. ಮೇಲಿನ ಮೆಟ್ಟಿಲುಗಳಲ್ಲಿ ಜನ ಸಾಲುಗಟ್ಟಿ ನಿಂತು, ಒಂದು ಹೆಜ್ಜೆಗೆ ಐದು ನಿಮಿಷ ಕಾಯುವ ಸ್ಥಿತಿ ಬರುತ್ತದೆ, ಸೂರ್ಯ ಹುಟ್ಟುವಾಗ ನೀವಿನ್ನೂ ಕೆಳಗೇ ಇರುತ್ತೀರಿ. ನಮ್ಮ ಪಂಚಾಂಗ ನೋಡಿದರೆ ತಿಳಿಯುತ್ತದೆ. ಮಂಗಳವಾರ, ಬುಧವಾರ ಒಳ್ಳೆಯದು.

ಅಮ್ಮನ ಮಂಡಿಗೆ: ಊರುಗೋಲು ಎರಡು, ಮಂಡಿಪಟ್ಟಿ, ಇಳಿಯುವಾಗ ಪ್ರತಿ ಇನ್ನೂರು ಮೆಟ್ಟಿಲಿಗೊಮ್ಮೆ ಕೂರುವುದು. ಇಳಿಯುವುದಕ್ಕೂ ನಾಲ್ಕು ಗಂಟೆ ಇಟ್ಟುಕೊಳ್ಳಿ. ಶಬರಿಮಲೆಯ ಹಾಗೆ ಡೋಲಿ ಇದೆಯೆಂದು ನಂಬಿ ಹೊರಡಬೇಡಿ.

ತಿಂಡಿ ತಟ್ಟೆ

ಊಟದ ಬಗ್ಗೆ ಹೇಳುತ್ತೇನೆ. ಮೀನು ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ. ಉಂಬಲಕಡ ಎಂದರೆ ಹೊಗೆಹಾಕಿ ಒಣಗಿಸಿ ಚೂರು ಮಾಡಿದ ಮೀನು. ತೆಂಗಿನತುರಿಯ ಪೊಲ್ ಸಂಬೋಲ, ಈರುಳ್ಳಿ-ಮೆಣಸಿನ ಲುಣು ಮಿರಿಸ್, ಸಿಹಿಖಾರದ ಸೀನಿ ಸಂಬೋಲ, ಎಷ್ಟೋ ಕಡೆ ತೆಂಗಿನಹಾಲಿನ ಕಿರಿ ಹೊದಿಯಲ್ಲೂ ಅದು ಬಿದ್ದಿರುತ್ತದೆ. ಸಂಬೋಲವನ್ನು ಬೆರಳಲ್ಲಿ ಹರಡಿ ನೋಡಿ: ಕೆಂಪು ತುರಿಯ ನಡುವೆ ಕಂದು ಬಣ್ಣದ ಗಟ್ಟಿ ಹರಳಿನಂಥ ಚೂರು ಕಂಡರೆ ಅದೇ. "ವೆಜಿಟೇರಿಯನ್" ಎಂದು ಕೇಳಿದರೆ ಪಲ್ಯ ತೋರಿಸಿ ಹೌದು ಎನ್ನುತ್ತಾರೆ, ಮೋಸವಲ್ಲ, ಒಗ್ಗರಣೆಯಷ್ಟು ಮೀನನ್ನು ಅವರು ಮೀನೆಂದು ಲೆಕ್ಕ ಹಿಡಿಯುವುದಿಲ್ಲ. ಅದಕ್ಕೇ ಹೆಸರು ಹಿಡಿದು ಹೇಳಿ: "ಉಂಬಲಕಡ ಎಪಾ", ಉಂಬಲಕಡ ಬೇಡ. "ಮಸ್, ಮಾಳು, ಬಿತ್ತರ ಎಪಾ" ಅಂದರೆ ಮಾಂಸ, ಮೀನು, ಮೊಟ್ಟೆ ಬೇಡ.

ಹ್ಯಾಟನ್, ಮಸ್ಕೆಲಿಯ ತೋಟದ ಸೀಮೆ, ತಮಿಳು ಮಾತಾಡುವವರು ಬಹಳ. ಮೈಸೂರಿನವರ ಅರೆಬರೆ ತಮಿಳೇ ಅಲ್ಲಿ ಕೆಲಸಕ್ಕೆ ಬರುತ್ತದೆ. ಈ ಒಣಮೀನನ್ನು ಅವರು ಮಾಸಿ ಎನ್ನುತ್ತಾರೆ. "ಸೈವ" ಎಂಬ ಬೋರ್ಡಿನ ಹೋಟೆಲ್ ಕಂಡರೆ ನಿಶ್ಚಿಂತೆಯಿಂದ ಒಳಗೆ ಹೋಗಿ: ಇಡ್ಲಿ, ದೋಸೆ, ವಡೆ, ಅನ್ನ.

ಇನ್ನೊಂದು. ಟೀ ಕೇಳಿದರೆ ಕೆಲವು ಅಂಗಡಿಗಳಲ್ಲಿ ಬನ್ನು, ರೊಟ್ಟಿ, ಕರಿದ ತಿಂಡಿ ತುಂಬಿದ ತಟ್ಟೆಯನ್ನೇ ಮೇಜಿನ ಮೇಲಿಡುತ್ತಾರೆ. ತಿಂದಷ್ಟಕ್ಕೆ ಮಾತ್ರ ದುಡ್ಡು. ಅದರಲ್ಲಿ ಮುಕ್ಕೋನದ ಬನ್ನು ಸಾಮಾನ್ಯವಾಗಿ ಮಾಳು ಪಾನ್, ಒಳಗೆ ಮೀನು. ಮುಟ್ಟಬೇಡಿ. ಬೆಟ್ಟದ ರಾತ್ರಿಗೆ ಮನೆಯಿಂದಲೇ ಚಕ್ಕುಲಿ, ಹುರಿಗಡಲೆ, ಬೆಲ್ಲ ಕಟ್ಟಿಕೊಳ್ಳಿ.

ಹೂವಿನ ತಟ್ಟೆ

ನಡವಳಿಕೆಯ ಬಗ್ಗೆ ಒಂದೆರಡು ಮಾತು, ಏಕೆಂದರೆ ಇದು ಟ್ರೆಕ್ಕಿಂಗ್ ಜಾಗಕ್ಕಿಂತ ಮೊದಲು ಕ್ಷೇತ್ರ. ತುದಿಯ ಪಾದದ ಗುರುತು ಬೌದ್ಧರಿಗೆ ಬುದ್ಧನದು, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಬಿಳಿ ಸೀರೆಯುಟ್ಟ ಅಜ್ಜಿಯರು ಮೊಮ್ಮಕ್ಕಳ ಕೈಹಿಡಿದು ಹತ್ತುತ್ತಿರುತ್ತಾರೆ. ಅವರನ್ನು ತಳ್ಳಿಕೊಂಡು ಮುಂದೆ ಹೋಗಬಾರದು. ಮೇಲೆ ಚಪ್ಪಲಿ, ಶೂ ಬಿಡಬೇಕು. ನೆಲ ಕೊರೆಯುತ್ತದೆ, ದಪ್ಪ ಕಾಲುಚೀಲ ಇರಲಿ. ಪಾದದ ಗುಡಿಯೊಳಗೆ ಫೋಟೊ ಇಲ್ಲ. ಬುದ್ಧನ ವಿಗ್ರಹಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆದರೆ ಅಲ್ಲಿಯವರಿಗೆ ನಿಜಕ್ಕೂ ನೋವಾಗುತ್ತದೆ. ಇಂದಿಕಟುಪಾನ ಎಂಬಲ್ಲಿ ಕಂಬಿಗುಂಟ ಬಿಳಿ ದಾರ ಕಾಣುತ್ತದೆ. ಯಾತ್ರಿಕರು ಸೂಜಿಗೆ ದಾರ ಪೋಣಿಸಿ ಬಿಟ್ಟುಕೊಂಡು ಹೋದದ್ದು, ಕಿತ್ತು ಹಾಕಬೇಡಿ. ತುದಿಯ ಗಂಟೆಯನ್ನು ಎಷ್ಟನೇ ಸಲ ಬಂದಿದ್ದೀರೋ ಅಷ್ಟು ಬಾರಿ ಬಾರಿಸುವುದು ರೂಢಿ. ನಿಮ್ಮ ಅಪ್ಪ ಒಂದೇ ಒಂದು ಸಲ ಬಾರಿಸಲಿ.

ಸೂರ್ಯ ಹುಟ್ಟಿದ ಕೂಡಲೇ ಎಲ್ಲರೂ ಇಳಿಯತೊಡಗುತ್ತಾರೆ. ನೀವು ಪಡುವಣ ಬದಿಗೆ ತಿರುಗಿ. ಬೆಟ್ಟದ ನೆರಳು ಮೋಡದ ಮೇಲೆ ತಿದ್ದಿ ತೀಡಿದ ತ್ರಿಕೋನವಾಗಿ ಬಿದ್ದಿರುತ್ತದೆ, ಸ್ವಲ್ಪ ಹೊತ್ತಿಗೆ ಕುಗ್ಗಿ ಮಾಯವಾಗುತ್ತದೆ.

ಮೈಸೂರು ಮಲ್ಲಿಗೆ

ತುಂಬಾ ಉಪಕಾರವಾಯ್ತು. ಬುಧವಾರಕ್ಕೆ ಇಟ್ಟುಕೊಂಡೆವು. ಅಮ್ಮ ಅರ್ಧಕ್ಕೇ ಸಾಕು ಅಂದರೆ?

ಘಟ್ಟದ ಹಾದಿ

ಟೀ ಅಂಗಡಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಅಂಗಡಿಯ ಫೋಟೊ ತೆಗೆದುಕೊಳ್ಳಿ. ಬೆಳಿಗ್ಗೆ ಬೆಳಕಿನಲ್ಲಿ ಎಲ್ಲ ಅಂಗಡಿಗಳೂ ಒಂದೇ ಥರ ಕಾಣುತ್ತವೆ. ಅಪ್ಪನನ್ನು ಒಬ್ಬರನ್ನೇ ಮೇಲಕ್ಕೆ ಕಳಿಸಬೇಡಿ. ತುದಿಯಿಂದ ಇಳಿಯಲು ಎರಡು ದಾರಿ ಇವೆ. ಜನರ ಹಿಂದೆ ಹೊರಟು ರತ್ನಪುರದ ಕಡೆ ಇಳಿದುಬಿಟ್ಟರೆ ಬೆಟ್ಟದ ಇನ್ನೊಂದು ಬದಿಗೆ ಹೋಗಿ ಸೇರುತ್ತೀರಿ, ಅಮ್ಮ ಇತ್ತ ಕಾಯುತ್ತಿರುತ್ತಾರೆ. ಮೊದಲ ಮೆಟ್ಟಿಲು ಇಳಿಯುವ ಮುಂಚೆ "ನಲ್ಲತನ್ನಿ?" ಎಂದು ಒಬ್ಬರನ್ನು ಕೇಳಿಯೇ ಇಳಿಯಿರಿ.